ಎಣಿಸಿ ನೋಡು ಎಂದ ಮಿಶಿನ್ ಚಾಚಾ

ನಿನ್ನೆ ಮಧ್ಯಾಹ್ನ ನಮ್ಮ ಮನೆಯ ಕಂಪ್ಯೂಟರು ಎದ್ದು ಕುಳಿತಿತು! ನಾಲ್ಕು ದಿನ ಸತ್ತಂತೆ ಬಿದ್ದಿದ್ದದ್ದು ಎದ್ದಿತು, ಮೊಮ್ಮಗಳು ಬರೆದ ಮೂವತ್ತೆರಡು ಚಿತ್ರಗಳು ವೇಳೆ ಮೀರುವ ಮುಂಚೆ ಹೋಗಿ ಮುಟ್ಟಿದವು. ಎಬ್ಬಿಸಿದವಳು ನಾನು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬಸ್ಸಿನ ಹಣೆಯ ಮೇಲಿನ ಊರಿನ ಹೆಸರನ್ನು ಕೂಡಿಸಿ ಓದುವುದರೊಳಗೆ ಬಸ್ಸನ್ನೇ ಕಳೆದುಕೊಳ್ಳುವವಳು, ನಾನು! ಮನೆಯವರೆಲ್ಲ ಬಾಯಿ ತೆರೆದು ನಿಂತಿದ್ದರು. ಅವರಿಗಿಂತ ದೊಡ್ಡದಾಗಿ ನನ್ನ ಬಾಯಿ ತೆರೆದಿತ್ತು. ಎದೆಯ ಬಡಿತ ಇನ್ನೂ ಇಳಿದಿಲ್ಲ. ಅದಕ್ಕೇ ಮೊಮ್ಮಗಳ ವಹಿ ತೆಗೆದುಕೊಂಡು ಬರೆಯಲು ಕೂತಿದ್ದೇನೆ. ಬರೆದದ್ದು ನಾನು, ಕಾಗುಣಿತ ತಿದ್ದಿದ್ದು ಅವಳು.

ಆದರೆ ಖರೆ ಹೇಳಬೇಕೆಂದರೆ ಎಬ್ಬಿಸಿದವರು ಬೇರೆಯವರು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಕಂಪ್ಯೂಟರನ್ನು ಕಣ್ಣಿನಿಂದ ನೋಡಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.

ಅವರ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಕಚ್ಚು ಬಿದ್ದಿತ್ತು, ಹಗ್ಗ ಎಳೆದೂ ಎಳೆದೂ ಬಾವಿಯ ಕಲ್ಲಿನಲ್ಲಿ ಬೀಳುತ್ತದಲ್ಲ, ಹಾಗೆ. ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯನ್ನು ಆ ಹಲ್ಲುಗಳಲ್ಲಿ ಕಚ್ಚಿ, ಅದರ ತುದಿಯನ್ನು ಹೊಲಿಗೆ ಮಿಶಿನ್ನಿನ ಹೊಟ್ಟೆಗೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಬಾಯಿ ತುಂಬ ಹಿಡಿ ಇರುವುದರಿಂದ ಮಾತಿಲ್ಲ, ಕೈಸನ್ನೆಯಿಂದಲೇ ನನಗೆ ‘ತುಳಿ, ತುಳಿ’ ಎನ್ನುವರು. ನಾನು ಪೆಡಲ್ ತುಳಿಯುತ್ತಿದ್ದೆ. ಕಿವಿಯಿಂದ ಕೇಳದ್ದು ಹಲ್ಲಿನಿಂದ ಕೇಳಿಸುತ್ತದೆ ಎಂದು ಅವರ ನಂಬಿಗೆ. ಹಿಡಿಯನ್ನು ಬಾಯಿಂದ ತೆಗೆದ ಕೂಡಲೇ ಒಂದೇ ಮಾತು: “ಬಸ್, ಸಿಕ್ಕಿತು.” ಕೆಲವು ಸಲ ಸಿಗುತ್ತಿರಲಿಲ್ಲ. ಆಗ ಹಿಡಿಯನ್ನು ಲುಂಗಿಗೆ ಒರೆಸಿಕೊಂಡು, “ಚಹಾ ಮಾಡ ಬೇಟಿ, ಇದು ಹಟಮಾರಿ ಐತಿ” ಎನ್ನುತ್ತಿದ್ದರು.

ಊರಿಗೆಲ್ಲ ಅವರು ಮಿಶಿನ್ ಚಾಚಾ. ಹಾರೂಗೇರಿಯವರು. ಹೊಳೆ ದಾಟಿ ಅಥಣಿ ಹಾದಿಗುಂಟ ಸೈಕಲ್ ಮೇಲೆ ಊರೂರು ತಿರುಗಿ ಹೊಲಿಗೆ ಮಿಶಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ನಮ್ಮದು ಚಪ್ಪಲಿ ಮಾಡುವ ಮನೆ. ಗಂಡಸರು ಚರ್ಮ ಕೊಯ್ದು, ಬಡಿದು ಅಟ್ಟೆ ಕೂಡಿಸುತ್ತಾರೆ. ಪಟ್ಟಿ ಹೊಲಿಯುವುದು, ಮೇಲಿನ ಜಡೆ ಹೆಣೆಯುವುದು ಹೆಂಗಸರ ಕೆಲಸ. ಮಾಡುವವರು ನಾವು, ಜನ ಕರೆಯುವುದು ಕೊಲ್ಹಾಪುರಿ ಎಂದು. ಇರಲಿ.

ನಾನು ಈ ಮನೆಗೆ ಬಂದ ಹೊಸತು. ನಾನು ಮಿಶಿನ್ ಮೇಲೆ ಕೂತರೆ ದಾರ ಹರಿಯುತ್ತಿತ್ತು. ಅತ್ತೆ ಕೂತರೆ ಹರಿಯುತ್ತಿರಲಿಲ್ಲ. ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: “ಈಕಿ ಕೈಗುಣನ ಛಲೋ ಇಲ್ಲ. ಕೈ ಹಚ್ಚಿದ್ದೆಲ್ಲಾ ಹರಿತೈತಿ. ನಾಳೆ ಮನಿನೂ ಹರಿತಾಳ.”

ಚಾಚಾ ಬಂದ ದಿನ ಅತ್ತೆ ಅವರ ಮುಂದೆಯೂ ಅದನ್ನೇ ಅಂದಳು. ಅವರು ನನ್ನ ಮುಖ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. “ತುಳಿ ಬೇಟಿ, ಹರಿಯೂ ತನಕ ತುಳಿ” ಎಂದು ಮಿಶಿನ್ನಿನ ಪಕ್ಕಕ್ಕೆ ಕೂತರು. ನಾನು ತುಳಿದೆ. ದಾರ ಹರಿಯಿತು. ಅವರು ಬಗ್ಗಿ ಹೊಲಿಗೆಗಳನ್ನು ಉಗುರಿನಿಂದ ಎಣಿಸಿದರು.

“ಹತ್ತೊಂಬತ್ತು. ಮತ್ತ ತುಳಿ.”

ಮತ್ತೆ ಹರಿಯಿತು. ಮತ್ತೆ ಎಣಿಸಿದರು. ಹತ್ತೊಂಬತ್ತು. ಮೂರನೆಯ ಸಲವೂ ಹತ್ತೊಂಬತ್ತೇ.

“ಈಗ ನೀ ಕುಂದ್ರು ಅವ್ವಾ,” ಎಂದು ಅತ್ತೆಗೆ ಹೇಳಿದರು. ಅತ್ತೆ ಗತ್ತಿನಿಂದ ಕೂತು ತನ್ನ ಸ್ವಂತ ದಾರದ ರೀಲನ್ನು ಹಾಕಿಕೊಳ್ಳಹೋದಳು. ಅತ್ತೆಯ ದಾರ ಬೇರೆ, ನನ್ನದು ಬೇರೆ ಇದ್ದವು. “ಉಂಹೂಂ, ಸೊಸಿ ರೀಲನ ಇರ್ಲಿ” ಎಂದರು ಚಾಚಾ. ಅತ್ತೆ ತುಳಿದಳು. ಹತ್ತೊಂಬತ್ತಕ್ಕೆ ಟಪ್ ಎಂದು ಹರಿಯಿತು! ಅತ್ತೆಯ ಮುಖ ನೋಡಬೇಕಿತ್ತು.

ಚಾಚಾ ನನ್ನ ರೀಲನ್ನು ತೆಗೆದು ಅದರ ಅಂಚಿಗುಂಟ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಂಚು ಸೀಳಿ ಕೂದಲೆಳೆಯಷ್ಟು ಕಚ್ಚು ಬಿದ್ದಿತ್ತು. ಹತ್ತೊಂಬತ್ತು ಹೊಲಿಗೆಗೆ ರೀಲು ಒಂದು ಸುತ್ತು ತಿರುಗುತ್ತಿತ್ತು, ದಾರ ಆ ಕಚ್ಚಿಗೆ ಬಂದು ಸಿಕ್ಕುತ್ತಿತ್ತು, ಅಷ್ಟೇ.

“ನೋಡ ಬೇಟಿ,” ಎಂದರು, ಅತ್ತೆಗೆ ಕೇಳುವಂತೆ ನನಗೆ. “ಒಮ್ಮೆ ಹತ್ತಕ್ಕ, ಒಮ್ಮೆ ನೂರಕ್ಕ ಹರದ್ರ ದಾರ ಕಚ್ಚಾ ಐತಿ, ಇಲ್ಲಂದ್ರ ಕೈ ಕಚ್ಚಾ ಐತಿ. ದಿನಾ ಅದ ಲೆಕ್ಕಕ್ಕ ಹರದ್ರ ಎಲ್ಲೋ ಒಂದ ಕಡೆ ಏನೋ ಸಿಗಬೀಳಾಕತ್ತೈತಿ. ಎಣಿಸಿ ನೋಡು. ಎಣಸೂದಕ್ಕ ಸಾಲಿ ಬೇಕಾಗಿಲ್ಲ.”

ಅಂದಿನಿಂದ ನಾನು ಎಣಿಸುವವಳಾದೆ. ಮಗು ಎಷ್ಟು ಸಲ ಕೆಮ್ಮಿತು, ಎಮ್ಮೆ ಎಷ್ಟು ಸಲ ಒದೆಯಿತು, ಎಲ್ಲ ಎಣಿಕೆ.

ಅವರು ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಎರಡನೆಯ ವರ್ಷವೇ ಮಿಶಿನ್ ಬಿಚ್ಚುವುದನ್ನು ಕಲಿಸಿದರು. ಅತ್ತೆ ತಕರಾರು ತೆಗೆದಳು: “ಹೆಣ್ಮಕ್ಕಳಿಗೆ ಯಾಕ ಪಾನಾ-ಪಕ್ಕಡ?” ಚಾಚಾ ನಕ್ಕರು. “ಅವ್ವಾ, ನಾ ವರ್ಷದಾಗ ಎರಡ ದಿನಾ ಬರಾಂವ. ಉಳದ ದಿನಾ ಮಿಶಿನ್ ಈಕಿ ಕೂಡ ಸಂಸಾರ ಮಾಡತೈತಿ. ಅದರ ಸಿಟ್ಟು-ಸೆಡವು ಈಕಿಗೆ ಗೊತ್ತಿರಬೇಕೋ ಬ್ಯಾಡೋ?” ಒಂದು ಬಿಳಿ ಅರಿವೆ ಹಾಸಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನು ಬಿಚ್ಚಿದ ಸಾಲಿನಲ್ಲೇ ಇಡಿಸಿದರು. “ಬಿಚ್ಚೂದನ್ನ ಮಂಗ್ಯಾನೂ ಬಿಚ್ಚತೈತಿ. ಸಾಲ ಹಿಡದ ಮುಚ್ಚಾಂವ ಉಸ್ತಾದ.” ಮತ್ತೊಂದು ಕಟ್ಟಳೆ ಇತ್ತು ಅವರದು: ಏನೇ ಮುಟ್ಟುವ ಮೊದಲು ಪೆಡಲಿನಿಂದ ಕಾಲು ತೆಗೆಯಬೇಕು. ಮರೆತರೆ ಸ್ಕ್ರೂಡ್ರೈವರಿನಿಂದ ಮೊಳಕಾಲಿಗೆ ಮೆಲ್ಲಗೆ ಬಡಿಯುವರು.

ಒಂದು ಸಲ ಮಾತ್ರ ಅವರು ತಪ್ಪಿದರು. ಮಿಶಿನ್ನಿನ ಒಳಗಿನ ಶಟಲ್ ಸವೆದಿದೆ, ಹೊಸದು ತರಿಸಿ ಎಂದು ಹೇಳಿ ಹೋದರು. ಮರುದಿನ ಉರಿಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ವಾಪಸ್ಸು ಬಂದದ್ದನ್ನು ಕಂಡು ನಾವು ಹೌಹಾರಿದೆವು, ಏನಾದರೂ ಕೆಟ್ಟ ಸುದ್ದಿಯೋ ಎಂದು. ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದರು: “ಶಟಲ್ ತರಸಬ್ಯಾಡ್ರಿ! ಹೊಳಿ ದಾಟೂ ಮುಂದ ನೆನಪಾತು. ನಾನ ಸೂಜಿ ತಿರುವಿ ಹಾಕೀನಿ. ತಪ್ಪ ನಂದು.” ಅತ್ತೆ, ಮಾವ, ಓಣಿಯ ನಾಲ್ಕು ಮಂದಿ, ಎಲ್ಲರ ಎದುರಿಗೆ. ಒಬ್ಬ ಉಸ್ತಾದ ಎಲ್ಲರ ಮುಂದೆ ನಿಂತು ‘ತಪ್ಪು ನನ್ನದು’ ಎನ್ನುವುದನ್ನು ನಾನು ಅದೇ ಮೊದಲು ಕಂಡದ್ದು. ಗಂಡಸರು ಹಾಗೆ ಅನ್ನುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ.

ಅವರು ಹೋದದ್ದು ನನಗೆ ತಿಳಿದದ್ದು ತಡವಾಗಿ. ಆ ವರ್ಷ ಅವರು ಬರಲೇ ಇಲ್ಲ. ಹಾರೂಗೇರಿ ಸಂತೆಯಲ್ಲಿ ದಾರ ಮಾರುವವನನ್ನು ಕೇಳಿದೆ. “ಮಿಶಿನ್ ಚಾಚಾ? ಹೋಗಿ ಎರಡ ತಿಂಗಳಾತಲ್ಲಬೇ, ನಿಮಗ ಯಾರೂ ಹೇಳಲಿಲ್ಲೇನ?” ಎಂದ. ನಾನು ಕೊಂಡ ದಾರವನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಮುಗಳಖೋಡದ ಬಸ್ಸು. ನಮ್ಮ ಊರಿನದ್ದಲ್ಲ.

ಈಗ ಕಂಪ್ಯೂಟರಿನ ಮಾತು.

ಮೊಮ್ಮಗಳು ಸವಿತಾ ಚಪ್ಪಲಿಯ ನಕಾಶೆ ಬರೆಯುವ ಒಂದು ಕೋರ್ಸು ಕಲಿಯುತ್ತಿದ್ದಾಳೆ. ಅದರ ಕಡೆಯ ಕೆಲಸಕ್ಕೆ ಅವಳು ಹಿಡಿದದ್ದು ನನ್ನ ಕೈಯ ಜಡೆಗಳನ್ನು. ನನ್ನನ್ನು ಎದುರಿಗೆ ಕೂರಿಸಿಕೊಂಡು, ನನಗೆ ಬರುವ ಮೂವತ್ತೆರಡು ಹೆಣಿಗೆಗಳನ್ನು ಹೆಣೆಸಿ, ಒಂದೊಂದು ಎಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಎಂಟು ತಿಂಗಳು ಕಂಪ್ಯೂಟರಿನಲ್ಲಿ ಬರೆದಳು. ಅತ್ತೆಯಿಂದ ನನಗೆ ಬಂದವು, ಎಂದೂ ಕಾಗದದ ಮೇಲೆ ಇಳಿಯದವು. ಶನಿವಾರ ಸಂಜೆ ಐದರೊಳಗೆ ಕಳಿಸಬೇಕು, ಇಲ್ಲದಿದ್ದರೆ ಒಂದು ವರ್ಷ ಹೋದಂತೆ. ಪೆನ್ ಡ್ರೈವ್ ಎಂಬ ಚಿಕ್ಕ ಕಡ್ಡಿಯೊಳಗೆ ತೆಗೆದಿಟ್ಟುಕೊಂಡದ್ದು ಹನ್ನೊಂದು ಮಾತ್ರ.

ಖಂಡೇನವಮಿ, ದಸರೆ ಮುಗಿದವು. ಮಂಗಳವಾರ ಸವಿತಾ ಗುಂಡಿ ಒತ್ತಿದಳು. ದೀಪ ಹತ್ತಿತು, ಒಳಗೆ ಪಂಖಾ ಗುಂಯ್ ಎಂದಿತು, ಅಷ್ಟರಲ್ಲೇ ಎಲ್ಲ ಆರಿತು. ಮತ್ತೆ ಒತ್ತಿದಳು, ಮತ್ತೆ ಆರಿತು. ಮಗ ವಾಯರು ಕಿತ್ತು ಹಾಕಿದ, ಬೇರೆ ಪ್ಲಗ್ಗಿಗೆ ಹಚ್ಚಿದ, ಪೆಟ್ಟಿಗೆಯ ಬೆನ್ನಿಗೆ ಎರಡು ಗುದ್ದು ಕೊಟ್ಟ. ಗುದ್ದಿಗೆ ಏಳಲು ಅದೇನು ಹಳೆಯ ರೇಡಿಯೋವೇ?

ಪೇಟೆಯಿಂದ ರಿಪೇರಿಯವನನ್ನು ಕರೆಸಿದರು. ಹೆಲ್ಮೆಟ್ಟನ್ನೂ ತೆಗೆಯದೆ ಬಂದ, ಒಂದು ಸಲ ಒತ್ತಿ ನೋಡಿದ. “ಬೋರ್ಡ್ ಹೋಗೈತ್ರಿ. ಒಯ್ದ ಬಿಚ್ಚಬೇಕು, ಎಂಟ ದಿನಾ ಹಿಡಿತೈತಿ. ಒಳಗಿಂದ ಉಳೀತೈತೋ ಇಲ್ಲೋ ಹೇಳಾಕ ಬರೂದಿಲ್ಲ.”

ಸವಿತಾ ಕುಸಿದು ಕೂತಳು. ಆಮೇಲೆ ಅವಳ ಸಿಟ್ಟು ತಾಯಿಯ ಮೇಲೆ ಬಿತ್ತು.

“ಸ್ವಾಮಾರ ನೀನ ಅಲ್ಲೇನ ಹಸಿ ಅರಬಿ ತಗೊಂಡ ವರಸಿದಾಕಿ? ನೀರ ಒಳಗ ಹೋಗಿ ಸುಟ್ಟೈತಿ. ನನ್ನ ವರ್ಷಾನೂ ಸುಟ್ಟಿ!”

“ಟೇಬಲ್ ಅಷ್ಟ ವರಸೇನಿ ಯವ್ವಾ, ಡಬ್ಬಿಗೆ ಕೈ ಹಚ್ಚಿಲ್ಲ,” ಎಂದಳು ಸೊಸೆ.

“ಸುಳ್ಳ ಹೇಳಬ್ಯಾಡ!”

ಸೊಸೆ ಎದ್ದು ಅಡಿಗೆ ಮನೆಗೆ ಹೋದಳು. ಮೂರು ದಿನ ತಾಯಿ-ಮಗಳಿಗೆ ಮಾತಿಲ್ಲ. ಸೊಸೆ ಬಡಿಸುವಳು, ಸವಿತಾ ತಾಟು ಎತ್ತಿಕೊಂಡು ಹೊರಗೆ ಹೋಗಿ ಕೂರುವಳು. ಸೊಸೆ ಉಂಡಳೋ ಬಿಟ್ಟಳೋ, ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಳಗೊಳಗೆ ನನಗೂ ಅನ್ನಿಸಿತ್ತು, ಅವಳೇ ಒರೆಸಿರಬೇಕು ಎಂದು.

ನಿನ್ನೆ ಶನಿವಾರ. ಹನ್ನೊಂದರ ಸುಮಾರಿಗೆ ಸವಿತಾ ಕಡೆಯ ಸಲ ಎಂಬಂತೆ ಒತ್ತುತ್ತಿದ್ದಳು. ನಾನು ಪಕ್ಕದಲ್ಲಿ ಪಟ್ಟಿ ಹೆಣೆಯುತ್ತ ಕೂತಿದ್ದೆ. ಪಂಖಾ ಗುಂಯ್ ಎಂದಾಗ ನನಗೆ ಗೊತ್ತಿಲ್ಲದಂತೆ ಬಾಯಿ ಎಣಿಸತೊಡಗಿತು. ಒಂದು, ಎರಡು, ಮೂರು, ನಾಲ್ಕು, ಐದು. ಆರಿತು. ಅವಳು ಮತ್ತೆ ಒತ್ತಿದಳು. ಐದಕ್ಕೆ ಆರಿತು. ಮತ್ತೆ. ಐದಕ್ಕೇ.

ಹೆಣಿಗೆಯನ್ನು ಬದಿಗಿಟ್ಟೆ.

“ಸವಿತಾ, ಇದು ಲೆಕ್ಕಕ್ಕ ನಿಂದ್ರಾಕತ್ತೈತಿ.”

“ಏನ ಲೆಕ್ಕ ಆಯಿ?”

“ಪ್ರತಿ ಸಲಾ ಐದಕ್ಕ. ಸುಟ್ಟದ್ದು ಇಷ್ಟ ನೇಮಾ ಹಿಡದ ನಿಂದ್ರತೈತೇನ? ಎಲ್ಲೋ ಏನೋ ಸಿಗಬಿದ್ದೈತಿ ಮಗಳ.”

ನಮ್ಮ ಮನೆಯವರು ಕಟ್ಟೆಯ ಮೇಲಿಂದ ಕೂಗಿದರು: “ಏ, ಸುಮ್ಮ ಕುಂದ್ರ! ಅದೇನ ನಿನ್ನ ಹೊಲಿಗಿ ಮಿಶಿನ್ ಅಲ್ಲ. ಪ್ಯಾಟಿ ಮಂದಿಗೆ ತಿಳೀಲಾರದ್ದು ಈಕಿಗೆ ತಿಳೀತೈತಂತ!”

ಸವಿತಾಳ ಮುಖದಲ್ಲಿ ನಂಬಿಕೆ ಇರಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. “ಒತ್ತಲೇನ ಮತ್ತ?” ಎಂದಳು.

“ಒತ್ತು. ಆದ್ರ ಈ ಸಲ ಯಾರೂ ಟೀವಿಯಂಥಾದರ ಕಡೆ ನೋಡಬ್ಯಾಡ್ರಿ.”

ನಾಲ್ಕು ದಿನವೂ ಎಲ್ಲರ ಕಣ್ಣು ಪರದೆಯ ಮೇಲೇ ಇತ್ತು. ನಾನು ಪೆಟ್ಟಿಗೆಯ ಮುಂದೆ ನೆಲಕ್ಕೆ ಕೂತು ಅವಳ ಬೆರಳನ್ನು ನೋಡಿದೆ. ಬೆರಳು ಒತ್ತಿತು, ಬೆರಳು ಹಿಂದೆ ಬಂತು. ಗುಂಡಿ ಹಿಂದೆ ಬರಲಿಲ್ಲ! ಒಳಗೇ ಮುಳುಗಿ ಕೂತಿತು. ಐದಕ್ಕೆ ಎಲ್ಲ ಆರಿದ ಮೇಲೆ, ಕೆರೆಯಿಂದ ಎಮ್ಮೆ ಏಳುವಂತೆ ಮೆಲ್ಲಮೆಲ್ಲಗೆ ಮೇಲಕ್ಕೆ ಬಂತು.

“ಗುಂಡಿ ಒತ್ತೇ ಹಿಡದ್ರ ಏನಾಕ್ಕೈತಿ?” ಎಂದು ಕೇಳಿದೆ.

ಸವಿತಾ ನನ್ನನ್ನೇ ನೋಡಿದಳು. “ಒತ್ತೇ ಹಿಡದ್ರ... ಬಂದ್ ಆಕ್ಕೈತಿ ಆಯಿ. ನಾಕೈದ ಸೆಕೆಂಡಿಗೆ ಬಂದ್ ಆಕ್ಕೈತಿ.” ಅವಳ ದನಿ ಬದಲಾಗಿತ್ತು.

ನಾನು ಗುಂಡಿಯ ಅಂಚಿಗೆ ಬೆರಳು ಹಚ್ಚಿದೆ. ಅಂಟು. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ.

ಕಾಕವಿ.

ಖಂಡೇನವಮಿಯ ದಿನ ನಮ್ಮಲ್ಲಿ ದುಡಿಯುವ ಹತ್ಯಾರುಗಳನ್ನೆಲ್ಲ ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ. ಚರ್ಮ ಕೊಯ್ಯುವ ರಂಪಿಗೆ, ಚುಚ್ಚುವ ಆರಿ, ಬಡಿಯುವ ಕಲ್ಲು, ಹೊಲಿಗೆ ಮಿಶಿನ್. ಒಂದೊಂದಕ್ಕೂ ಅದರ ಬಾಯಿಗೆ ಸಿಹಿ ಮುಟ್ಟಿಸುವ ಪದ್ಧತಿ: ರಂಪಿಗೆಗೆ ಅಲಗು, ಆರಿಗೆ ಮೊನೆ, ಮಿಶಿನ್ನಿಗೆ ಸೂಜಿ. ಈ ಸಲ ಪಕ್ಕದ ಗಾಣದಿಂದ ಹೊಸ ಕಾಕವಿ ಬಂದಿತ್ತು, ಬೆಲ್ಲವಾಗುವ ಮೊದಲೇ ಇಳಿಸಿದ ದಪ್ಪ ಪಾಕ. ಎಲ್ಲಕ್ಕೂ ಒಂದೊಂದು ಹನಿ ಮುಟ್ಟಿಸಿ ಕಂಪ್ಯೂಟರಿನ ಮುಂದೆ ನಿಂತೆ. ಇದರ ಬಾಯಿ ಯಾವುದು? ಮೊಮ್ಮಗಳು ದಿನಾಲೂ ಬೆರಳಿಟ್ಟು ಎಬ್ಬಿಸುವ ಜಾಗವೇ ಇರಬೇಕು ಎಂದುಕೊಂಡೆ. ಉಳಿದವಕ್ಕೆ ಒಂದು ಹನಿ, ಇದಕ್ಕೆ ಒಂದು ಚಮಚ. ಅವಳ ವರ್ಷವೆಲ್ಲ ಅದರ ಹೊಟ್ಟೆಯಲ್ಲಿತ್ತಲ್ಲ, ಹೊಟ್ಟೆ ತುಂಬ ಉಣ್ಣಲಿ ಎಂದು.

ಸೊಸೆ ತಿಂದ ಬೈಗುಳ, ಮೂರು ದಿನದ ಮುನಿಸು, ಎಲ್ಲ ನನ್ನ ಪಾಲಿನದು.

ಸುಮ್ಮನೆ ಒರೆಸಿ ಎದ್ದುಬಿಡಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಜಾಣೆ ಎನ್ನಿಸಿಕೊಂಡು ಕೂರಬಹುದಿತ್ತು. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಷ್ಟರಲ್ಲಿ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ ಚಾಚಾ ಕಣ್ಣ ಮುಂದೆ ಬಂದು ನಿಂತರು.

“ಏ ಸೊಸಿ, ಹೊರಗ ಬಾ,” ಎಂದು ಕರೆದೆ. ಮಗನನ್ನೂ ಕರೆದೆ, ಮನೆಯವರನ್ನೂ. ಎಲ್ಲರೂ ಬಂದ ಮೇಲೆ ಹೇಳಿದೆ: “ಆಕಿ ಏನೂ ಮಾಡಿಲ್ಲ. ನಾ ಇದಕ್ಕ ಕಾಕವಿ ಉಣಸೇನಿ. ತಪ್ಪ ನಂದು.”

ಮಗ ಕೇಳಿದ: “ಯವ್ವಾ, ಕಂಪ್ಯೂಟರಿಗೆ ಕಾಕವಿ?”

“ಹಬ್ಬ ಇತ್ತಲ್ಲೋ!”

ಅವನಿಗೆ ನಗು ತಡೆಯಲಾಗಲಿಲ್ಲ. ಸವಿತಾ ನಗಲಿಲ್ಲ. ತಾಯಿಯ ಕಡೆ ಒಮ್ಮೆ ನೋಡಿ ತಲೆ ಕೆಳಗೆ ಹಾಕಿದಳು. ಸೊಸೆ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. “ಇರ್ಲಿ ಬಿಡ್ರಿ ಅತ್ತಿ, ಈಗ ಹೆಂಗ ತೆಗೀಬೇಕ ಹೇಳ್ರಿ. ಬಿಸಿನೀರ ತರಲೇನ?” ಎಂದಳು.

ಮೊದಲು ಪ್ಲಗ್ಗು ಕಿತ್ತೆ. ಪೆಡಲಿನಿಂದ ಕಾಲು ತೆಗೆದಂತೆ. ಕಸಬರಿಗೆಯ ಹಂಚಿಕಡ್ಡಿಗೆ ಅರಳೆ ಸುತ್ತಿ, ಬಿಸಿನೀರಿನಲ್ಲಿ ಅದ್ದಿ, ನೀರು ಇಳಿಯದಂತೆ ಹಿಂಡಿ, ಗುಂಡಿಯ ಸುತ್ತ ಆಡಿಸಿದೆ. ಕಂದು ಬಣ್ಣ ಬಂತು. ಸೊಸೆ ಅರಳೆ ಸುತ್ತಿಕೊಡುವಳು, ನಾನು ಒರೆಸುವೆನು, ಸವಿತಾ ಗುಂಡಿ ಒತ್ತಿ ಒತ್ತಿ ಬಿಡುವಳು. ಹದಿನಾಲ್ಕು ಕಡ್ಡಿಗಳಾದವು. ಹದಿನೈದನೆಯದು ಬೆಳ್ಳಗೇ ಬಂತು. ಗುಂಡಿ ಟಕ್ ಎಂದು ಹೋಗಿ ಟಕ್ ಎಂದು ಬಂತು. ಆರಲಿ ಎಂದು ಒಂದು ತಾಸು ಬಿಟ್ಟೆವು. ಆ ತಾಸು ಹೇಗೆ ಕಳೆಯಿತೋ ನಾ ಕಾಣೆ. ಸವಿತಾ ಗಡಿಯಾರ ನೋಡುವಳು, ನಾನು ಅವಳನ್ನು ನೋಡುವೆನು.

ಪ್ಲಗ್ಗು ಹಾಕಿದೆವು. “ನೀನ ಒತ್ತ ಆಯಿ,” ಎಂದಳು.

ಒತ್ತಿದೆ. ಗುಂಯ್ ಎಂದಿತು. ಮನೆ ಮಂದಿಯೆಲ್ಲ ಸೇರಿ ಎಣಿಸತೊಡಗಿದರು, ನಮ್ಮ ಮನೆಯವರೂ! ಒಂದು, ಎರಡು, ಮೂರು, ನಾಲ್ಕು, ಐದು. ಐದರ ಮೇಲೆ ಯಾರಿಗೂ ದನಿ ಹೊರಡಲಿಲ್ಲ. ಆರು ಎಂದವಳು ಸೊಸೆ, ಒಬ್ಬಳೇ. ಏಳು. ಎಂಟು. ಹತ್ತಕ್ಕೆ ಪರದೆ ಬೆಳಗಿತು. ಸವಿತಾ ಚೀರಿದ ಚೀರಾಟಕ್ಕೆ ಓಣಿಯವರು ಏನಾಯಿತೋ ಎಂದು ಓಡಿ ಬಂದರು. ಮೂವತ್ತೆರಡೂ ಜಡೆಗಳು ಒಳಗಿದ್ದವು, ಒಂದೂ ಎಳೆ ಬಿಚ್ಚಿರಲಿಲ್ಲ. ಮೂರೂವರೆಗೆ ಕಳಿಸಿದಳು. ಮುಟ್ಟಿತು ಎಂದು ಉತ್ತರವೂ ಬಂತು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು.

ಮಗ ಸಂಜೆಗೆ ಕೋಳಿ ತಂದ. “ಬೆಲ್ಲಾ ಹಾಕಿದ್ದು ಏನೂ ಬ್ಯಾಡ” ಎಂದು ಸವಿತಾ ಮೊದಲೇ ಹೇಳಿಬಿಟ್ಟಿದ್ದಳು. ಅಡಿಗೆಯಾಗುವಾಗ ಅವಳು ಕೇಳಿದಳು: “ಆಯಿ, ಇಷ್ಟೆಲ್ಲಾ ಕಲಿಸಿದ ಆ ಚಾಚಾಗ ನೀ ಏನ ಕೊಟ್ಟಿ?”

“ರೊಟ್ಟಿ,” ಎಂದೆ. ಮತ್ತೇನೂ ನೆನಪಾಗಲಿಲ್ಲ.

ಅದನ್ನೂ ಹೇಳಬೇಕಾಯಿತು. ನಮ್ಮ ಕೈಯ ಜೋಡು ಹಾಕಿಕೊಂಡು ನಡೆಯುವ ಊರು ಆಗ ನಮ್ಮ ಕೈಯ ನೀರು ಕುಡಿಯುತ್ತಿರಲಿಲ್ಲ. ಚಾಚಾ ಮೊದಲನೆಯ ಸಲ ಬಂದ ದಿನ ಕೆಲಸ ಮುಗಿಸಿ, ಕೈ ತೊಳೆದುಕೊಂಡು, “ರೊಟ್ಟಿ ಐತೇನ ಅವ್ವಾ? ಹಸಿವ್ಯಾಗೇತಿ” ಎಂದು ತಾವೇ ಕೇಳಿದರು. ಅತ್ತೆ ಬೆಚ್ಚಿಬಿದ್ದಳು. ತಾಟು ಹಿಡಿದುಕೊಂಡು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತೇ ಇದ್ದಳು. “ಯಾಕ ನಿಂತಿ? ತಾ ಇಲ್ಲಿ” ಎಂದು ಅವರೇ ಕೈಯಿಂದ ತೆಗೆದುಕೊಂಡು, ನಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡರು. ಖಾರ ಹೆಚ್ಚಾಗಿದೆ ಎಂದು ಬೈದೂ ಬೈದರು. ಅತ್ತೆ ಒಳಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ಮುಂದೆ ಅವರು ಬಂದಾಗಲೆಲ್ಲ ನಾನು ರೊಟ್ಟಿ ಬಡಿದೆ. ಅಷ್ಟೇ ನಾನು ಕೊಟ್ಟದ್ದು. ಅವರು ಕೊಟ್ಟದ್ದಕ್ಕೆ ಅದು ಯಾವ ಮೂಲೆಗೆ?

ನಮ್ಮಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ, ಆಮೇಲೆ ಮಕ್ಕಳು, ಕಡೆಗೆ ನಾನು, ನನ್ನ ನಂತರ ಸೊಸೆ. ನಿನ್ನೆ ಸವಿತಾ ಐದೂ ತಾಟುಗಳನ್ನು ಒಟ್ಟಿಗೆ ಹಾಕಿದಳು. “ಏನಿದು?” ಎಂದರು ನಮ್ಮ ಮನೆಯವರು. “ಕುಂದ್ರ ಮುತ್ಯಾ” ಎಂದಳು. ಅವರು ಕೂತರು. ರೊಟ್ಟಿಯ ಬುಟ್ಟಿಯನ್ನು ನಡುವೆ ಇಟ್ಟೆವು, ಕೋಳಿಯ ಪಾತ್ರೆಯನ್ನು ಅದರ ಪಕ್ಕಕ್ಕೆ. ಬಡಿಸುವವರು ಯಾರೂ ಇಲ್ಲ, ಬೇಕಾದವರು ಬೇಕಾದ್ದು ತೆಗೆದುಕೊಳ್ಳಬೇಕು. ಸೊಸೆ ಎರಡು ಸಲ ಏಳಹೋದಳು, ಮಗ ಎರಡು ಸಲವೂ ಸೀರೆಯ ಚುಂಗು ಹಿಡಿದು ಕೂರಿಸಿದ.

ಸವಿತಾ ಬುಟ್ಟಿಗೆ ಕೈ ಹಾಕಿ ಒಂದು ಬಿಸಿ ರೊಟ್ಟಿ ತೆಗೆದಳು. ಎರಡು ಮಾಡಿ ಮುರಿದು, ಅರ್ಧವನ್ನು ತಾಯಿಯ ತಾಟಿನಲ್ಲಿ ಇಟ್ಟಳು. ಸೊಸೆ ತನ್ನ ತಾಟಿನಲ್ಲಿ ಇಡೀ ರೊಟ್ಟಿ ಇದ್ದರೂ ಆ ಅರ್ಧವನ್ನೇ ಮೊದಲು ಮುರಿದು ತಿಂದಳು.